13 ಮತ್ತು 10: ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಒಂದು ಮೇಲ್ ರಿಪೇರಿ

ಎರಡು ವರ್ಷದ ಹಿಂದೆ ಭಾವನ ಐಸ್ ಪ್ಲಾಂಟಿಗೆ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಒಳಗೊಂದು ರಾಸ್‌ಬೆರಿ ಪೈ, ಅಂಗೈಯಗಲದ ಕಂಪ್ಯೂಟರ್. ಅದರಿಂದ ಹೊರಟ ಮೂರು ವೈರುಗಳ ತುದಿಯಲ್ಲಿ ಮೂರು ಡಿಎಸ್18ಬಿ20 ತಾಪಮಾನ ಸೆನ್ಸರುಗಳು: ಒಂದು ಬ್ರೈನ್, ಅಂದರೆ ಐಸ್ ಹೆಪ್ಪುಗಟ್ಟಿಸುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಒಂದು ಐಸ್ ಪೇರಿಸಿಡುವ ಕೋಣೆಯಲ್ಲಿ, ಇನ್ನೊಂದು ಕಂಪ್ರೆಸರಿನ ನೀರಿನ ಪೈಪಿನ ಮೇಲೆ. ಐದು ನಿಮಿಷಕ್ಕೊಮ್ಮೆ ಓದುತ್ತದೆ. ಬ್ರೈನ್ ಮೈನಸ್ 6 ಡಿಗ್ರಿಗಿಂತ ಮೇಲೆ ಬಂದರೆ ಭಾವನಿಗೂ ಆಪರೇಟರಿಗೂ ಕನ್ನಡದಲ್ಲಿ ಒಂದು ಈಮೇಲ್ ಹೋಗಬೇಕು. ಎಸ್‌ಎಂಎಸ್ ಯಾಕಲ್ಲ ಎಂದರೆ, ಪ್ರೋಗ್ರಾಮಿನಿಂದ ಎಸ್‌ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಕಳಿಸುವ ವಾಕ್ಯಕ್ಕೂ ಮುಂಚಿತ ಒಪ್ಪಿಗೆ ಬೇಕು. ಮೂರು ಸೆನ್ಸರಿಗೆ ಅಷ್ಟೆಲ್ಲ ಓಡಾಟ ಯಾರಿಗೆ ಬೇಕು. ಮೇಲ್ ಸುಲಭ ಅಂದುಕೊಂಡೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ. ಐಸ್ ಪ್ಲಾಂಟಿನವರಿಗೆ ಅದು ಕ್ಯಾನುಗಳ ತುಕ್ಕು ಕೆರೆಯುವ, ಕಂಪ್ರೆಸರ್ ಬಿಚ್ಚುವ ಕಾಲ. ಜುಲೈ ಕೊನೆಯ ವಾರ ಪ್ಲಾಂಟನ್ನು ಮತ್ತೆ ಓಡಿಸಿ ಬ್ರೈನಿನ ತಾಪ ಇಳಿಸುವಾಗ ಭಾವ ಪರೀಕ್ಷೆಗೆಂದು ಸೆನ್ಸರನ್ನು ಟ್ಯಾಂಕಿನಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡರಂತೆ. ಹತ್ತು ನಿಮಿಷ ಕಳೆದರೂ ಮೇಲ್ ಬರಲಿಲ್ಲ.

"ಎಂತ ಮಾರಾಯ, ನಿನ್ನ ಪೆಟ್ಟಿಗೆಗೂ ಎರಡು ತಿಂಗಳು ರಜೆಯಾ?" ಫೋನಿನಲ್ಲಿ ಕೇಳಿದರು.

"ಲೈಟ್ ಉರೀತಾ ಉಂಟಾ ಭಾವ?"

"ಲೈಟೆಲ್ಲ ಉಂಟು. ಕೆಲಸ ಮಾತ್ರ ಇಲ್ಲ."

ಉಡುಪಿಯಿಂದ ಮಲ್ಪೆಗೆ ಆರೇ ಕಿಲೋಮೀಟರು. ಮಳೆ ಬಿಡುವು ಕೊಟ್ಟಾಗ ಬೈಕ್ ಹತ್ತಿದೆ.

ನಾನೇ ಮುಚ್ಚಿಟ್ಟ ಎರರ್

ಪೆಟ್ಟಿಗೆಯ ಲಾಗ್ ತೆರೆದರೆ ಎಲ್ಲ ಚೆನ್ನಾಗಿತ್ತು. ತಾಪಮಾನ ಓದಿದ್ದು ಸರಿ, ಮಿತಿ ಮೀರಿದ್ದನ್ನು ಗಮನಿಸಿದ್ದೂ ಸರಿ, "ಮೇಲ್ ಕಳಿಸಲಾಗುತ್ತಿದೆ" ಎಂದು ಬರೆದದ್ದೂ ಇತ್ತು. ಅದರ ಮುಂದೆ ಏನೂ ಇಲ್ಲ. ಪೈಥಾನ್ ಕೋಡ್ ನೋಡಿದಾಗ ಕಾರಣ ಕಂಡಿತು, ನಾಚಿಕೆಯೂ ಆಯಿತು. ಮೇಲ್ ಕಳಿಸುವ ಭಾಗದ ಸುತ್ತ ಒಂದು ಟ್ರೈ, ಕೆಳಗೆ ಎಕ್ಸೆಪ್ಟ್, ಅದರ ಕೆಳಗೆ ಬರೀ ಪಾಸ್. ಎಂತ ಎರರ್ ಬಂದರೂ ನುಂಗಿ ಮುಂದೆ ಹೋಗು ಅಂತ ನಾನೇ ಹೇಳಿಟ್ಟಿದ್ದೆ. ಯಾಕೆ ಹಾಗೆ ಬರೆದೆ? ಮಳೆಗಾಲದಲ್ಲಿ ನೆಟ್ ಹೋದಾಗ ಪ್ರೋಗ್ರಾಂ ನಿಂತುಹೋಗಬಾರದೆಂದು. ಬರೆದ ರಾತ್ರಿ ಅದು ಜಾಣತನ ಅನ್ನಿಸಿತ್ತು.

ಪಾಸ್ ಕಿತ್ತು ಎರರನ್ನು ಲಾಗಿಗೆ ಬರೆಯುವಂತೆ ಮಾಡಿ, ಸೆನ್ಸರನ್ನು ಮತ್ತೆ ಕೈಯಲ್ಲಿ ಹಿಡಿದೆ. ಈಗ ಸರ್ವರಿನ ಉತ್ತರ ಸಿಕ್ಕಿತು: 550, ಅಂದರೆ ಮೇಲ್ ತಿರಸ್ಕೃತ, ನಂತರ 5.5.2, ಅದರ ಪಕ್ಕದಲ್ಲಿ "ಬೇರ್ ಎಲ್‌ಎಫ್ ಬಂದಿದೆ" ಎಂಬರ್ಥದ ಒಂದು ಸಾಲು. ಪಾಸ್‌ವರ್ಡ್ ತಪ್ಪಲ್ಲ, ವಿಳಾಸ ತಪ್ಪಲ್ಲ. ನನ್ನ ಸಾಲುಗಳು ಮುಗಿಯುವ ರೀತಿ ಸರಿಯಿಲ್ಲ ಅಂತ ತಕರಾರು.

ಎರಡು ವರ್ಷ ಇದೇ ಪೆಟ್ಟಿಗೆ, ಇದೇ ಕೋಡು, ಇದೇ ಸರ್ವರು. ಆಗ ಇಲ್ಲದ ತಕರಾರು ಈಗ ಎಲ್ಲಿಂದ ಬಂತು?

ಟೈಪಿಂಗ್ ಕ್ಲಾಸಿನ ಸನ್ನೆ

ಪಿಯುಸಿ ರಜೆಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲು ಮುಗಿಯುವಾಗ ಟಿಂಗ್ ಎಂದು ಗಂಟೆ. ಎಡಗೈಯಿಂದ ಆ ಉದ್ದ ಸನ್ನೆಯನ್ನು ತಳ್ಳಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ: ಕಾಗದ ಒಂದು ಸಾಲು ಮೇಲೇರುತ್ತದೆ, ಗಾಡಿ ಮತ್ತೆ ಸಾಲಿನ ಶುರುವಿಗೆ ಬರುತ್ತದೆ. ಟೆಲಿಪ್ರಿಂಟರಿನಲ್ಲಿ ಈ ಎರಡೂ ಬೇರೆ ಬೇರೆ ಅಪ್ಪಣೆಗಳು. ಗಾಡಿ ಹಿಂದಕ್ಕೆ ಬಾ ಎನ್ನುವುದು ಕ್ಯಾರೇಜ್ ರಿಟರ್ನ್, ಸಿಆರ್, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 13. ಕಾಗದ ಮೇಲೆ ತಳ್ಳು ಎನ್ನುವುದು ಲೈನ್ ಫೀಡ್, ಎಲ್‌ಎಫ್, ಅದರ ಸಂಖ್ಯೆ 10. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಗಾಡಿ ಬಲತುದಿಯಿಂದ ಎಡಕ್ಕೆ ಓಡಿಬರಲು ಒಂದು ಅಕ್ಷರದ ಸಮಯ ಸಾಲದು. ಮೊದಲು 13, ಆಮೇಲೆ 10 ಕಳಿಸಿದರೆ ಕಾಗದ ಏರುವಷ್ಟರಲ್ಲಿ ಗಾಡಿಗೂ ಉಸಿರು ಎಳೆಯಲು ಸಮಯ ಸಿಗುತ್ತಿತ್ತು.

ಯಂತ್ರ ಹೋಯಿತು, ಅಂಕಿಗಳು ಉಳಿದವು. ಯುನಿಕ್ಸ್ ಮತ್ತು ಅದರ ವಂಶದ ಲಿನಕ್ಸ್ ಬರೀ 10 ಸಾಕು ಅಂದವು. ಡಾಸ್, ವಿಂಡೋಸ್ 13-10 ಜೋಡಿಯನ್ನು ಇಟ್ಟುಕೊಂಡವು. ಹಳೆಯ ಮ್ಯಾಕ್ ಬರೀ 13 ಬಳಸುತ್ತಿತ್ತು. ಈಮೇಲಿಗೆ ಮಾತ್ರ ಇದರಲ್ಲಿ ಆಯ್ಕೆಯಿಲ್ಲ. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಟ್ಟ ದಾಖಲೆ. 1982ರ ಆರ್‌ಎಫ್‌ಸಿ 821, 822ರಿಂದ ಹಿಡಿದು 2008ರ 5321, 5322ರ ತನಕ ಮಾತು ಒಂದೇ: ತಂತಿಯ ಮೇಲೆ ಹೋಗುವ ಪ್ರತಿ ಸಾಲೂ 13-10ರಲ್ಲಿ ಮುಗಿಯಬೇಕು. 5322 ಇನ್ನೂ ಬಿಗಿ: ಒಂಟಿ 13, ಒಂಟಿ 10 ಮೇಲಿನೊಳಗೆ ಇರಲೇಬಾರದು. ಹೆಡರ್ (ಯಾರಿಂದ, ಯಾರಿಗೆ, ವಿಷಯ ಎಂಬ ಮೇಲಿನ ಸಾಲುಗಳು) ಎಲ್ಲಿ ಮುಗಿಯಿತು, ಒಡಲು (ಪತ್ರದ ಮಾತು) ಎಲ್ಲಿ ಶುರುವಾಯಿತು ಎಂಬುದಕ್ಕೆ ಇರುವ ಗುರುತು ಒಂದು ಖಾಲಿ ಸಾಲು, ಅಷ್ಟೇ. ಎಲ್ಲಿ ಸಾಲು ಮುಗಿಯಿತೆಂದು ಗೊತ್ತಾಗದಿದ್ದರೆ ಯಾವ ಸಾಲು ಖಾಲಿ ಅಂತ ಹೇಗೆ ಗೊತ್ತಾಗಬೇಕು?

ಹಾಗಿದ್ದರೂ ಬಹಳ ಸರ್ವರುಗಳು ಬರೀ 10 ಬಂದರೂ "ಅಡ್ಡಿಲ್ಲ, ಒಳಗೆ ಬಾ" ಎನ್ನುತ್ತಿದ್ದವು. ನನ್ನ ಪೆಟ್ಟಿಗೆ ಎರಡು ವರ್ಷ ಬದುಕಿದ್ದು ಆ ದಾಕ್ಷಿಣ್ಯದಲ್ಲಿ.

ದಾಕ್ಷಿಣ್ಯ ಮುಗಿದದ್ದು 2023ರ ಡಿಸೆಂಬರಿನ ನಂತರ. ಆ ತಿಂಗಳು ಸೆಕ್ ಕನ್ಸಲ್ಟ್ ಸಂಸ್ಥೆಯವರು ಎಸ್‌ಎಂಟಿಪಿ ಸ್ಮಗ್ಲಿಂಗ್ (ಎಸ್‌ಎಂಟಿಪಿ ಅಂದರೆ ಮೇಲ್ ಕಳಿಸಲು ಸರ್ವರುಗಳು ಆಡುವ ಭಾಷೆ) ಎಂಬ ಕಳ್ಳದಾರಿಯನ್ನು ಬಯಲು ಮಾಡಿದರು. ಮೇಲ್ ಮುಗಿಯಿತು ಎಂದು ಹೇಳಲು ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಡಬೇಕು: 13-10, ಚುಕ್ಕಿ, 13-10. ಕೆಲವು ಸರ್ವರುಗಳು ಬರೀ 10, ಚುಕ್ಕಿ, ಮತ್ತೆ 13-10 ಬಂದರೂ ಮುಗಿಯಿತೆಂದು ಒಪ್ಪುತ್ತಿದ್ದವು, ಕೆಲವು ಒಪ್ಪುತ್ತಿರಲಿಲ್ಲ. ಕಳಿಸುವ ಸರ್ವರಿಗೆ ಮೇಲ್ ಇನ್ನೂ ನಡೆಯುತ್ತಿದೆ, ಸ್ವೀಕರಿಸುವ ಸರ್ವರಿಗೆ ಮುಗಿದಾಗಿದೆ. ಆ ಬಿರುಕಿನಲ್ಲಿ ಎರಡನೇ ಮೇಲೊಂದನ್ನು ತುರುಕಿದರೆ ಅದು ನಂಬಿಗಸ್ತ ಸರ್ವರಿನಿಂದಲೇ ಬಂದದ್ದೆಂಬಂತೆ ಒಳಗೆ ಹೋಗುತ್ತದೆ. ಮೇಲ್ ಸರ್ವರ್ ನಡೆಸುವ ಪ್ರೋಗ್ರಾಮುಗಳಾದ ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್, ಎಕ್ಸಿಮ್ ಮೂರೂ ತೇಪೆ ಹಾಕಿದವು. ಪೋಸ್ಟ್‌ಫಿಕ್ಸ್ ಒಂಟಿ 10ರ ವಿಷಯಕ್ಕೇ ಒಂದು ಹೊಸ ಸೆಟ್ಟಿಂಗ್ ಕೊಟ್ಟಿತು. ಬೇಕಾದರೆ ಸರಿಪಡಿಸಿ ತೆಗೆದುಕೊಳ್ಳಬಹುದು, ಬೇಡವಾದರೆ ಬಾಗಿಲಲ್ಲೇ ತಿರಸ್ಕರಿಸಬಹುದು. ನಮ್ಮ ಮೇಲ್ ಹೋಸ್ಟಿಂಗಿನವರು ಎರಡನೆಯದನ್ನು ಆರಿಸಿದ್ದರು ಅಂತ ಕಾಣುತ್ತದೆ. ಗ್ರಾಹಕರಿಗೆ ಒಂದು ಮಾತು ಹೇಳಿದ್ದರೆ ಒಳ್ಳೆಯದಿತ್ತು. ಆದರೆ ತಪ್ಪು ಅವರದ್ದು ಅನ್ನಲು ಬಾಯಿ ಬರುವುದಿಲ್ಲ.

ಸರ್ವರಿನ ಪಾತ್ರ ನಾನೇ

ನನ್ನ ಪೆಟ್ಟಿಗೆ ನಿಜವಾಗಿ ಏನು ಕಳಿಸುತ್ತಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ನೆಟ್‌ಕ್ಯಾಟ್ ಎಂಬ, ನೆಟ್ಟಿನಲ್ಲಿ ಬಂದದ್ದನ್ನು ಹಾಗೇ ತೋರಿಸುವ ಪ್ರೋಗ್ರಾಮನ್ನು 2525ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರಿಸಿದೆ. ಬಂದದ್ದೆಲ್ಲ ಒಂದು ಫೈಲಿಗೂ ಬೀಳುವ ಹಾಗೆ ಮಾಡಿದೆ. ಪೆಟ್ಟಿಗೆಗೆ ಹೋಸ್ಟಿಂಗಿನ ಬದಲು ಲ್ಯಾಪ್‌ಟಾಪಿನ ವಿಳಾಸ ಕೊಟ್ಟೆ. ಇನ್ನು ಸರ್ವರ್ ಆಗಿ ಉತ್ತರ ಕೊಡುವ ಕೆಲಸ ನನ್ನದು. 220 ಎಂದು ಟೈಪ್ ಮಾಡಿದರೆ ಸ್ವಾಗತ. ಅದು "ಈಎಚ್‌ಎಲ್‌ಒ" ಎಂದು ನಮಸ್ಕಾರ ಹೇಳಿದರೆ ನಾನು 250. ಯಾರಿಂದ, ಯಾರಿಗೆ, ಇನ್ನೊಬ್ಬ ಯಾರಿಗೆ, ಪ್ರತಿಯೊಂದಕ್ಕೂ 250. "ಡೇಟಾ" ಅಂದಾಗ 354, ಅಂದರೆ ಸುರಿ ಇನ್ನು. ಆಪರೇಟರು ಹಿಂದೆ ನಿಂತು ನೋಡುತ್ತಿದ್ದರು. "ಇಷ್ಟು ಹೊತ್ತು ಕಂಪ್ಯೂಟರಿಗೆ ನೀವು ಹೂಂ ಹೂಂ ಹೇಳುದಾ?" ಅಂದರು. ಹೌದು, ಹೆಚ್ಚುಕಮ್ಮಿ ಅಷ್ಟೇ.

ಇಲ್ಲೊಂದು ತಮಾಷೆ. ನಾನು ಎಂಟರ್ ಒತ್ತಿದಾಗ ನೆಟ್‌ಕ್ಯಾಟ್ ಕಳಿಸಿದ್ದೂ ಬರೀ 10. ಅಂದರೆ ಸಾಲಿನ ತುದಿಯ ರೋಗ ಹುಡುಕಲು ಕೂತ ಸರ್ವರಿಗೇ ಆ ರೋಗ. ಪೈಥಾನ್ ಅದನ್ನು ಕಂಡೂ ಕಾಣದಂತೆ ನುಂಗಿಕೊಂಡಿತು.

ಫೈಲನ್ನು "ಓಡಿ" (od) ಎಂಬ ಕಮಾಂಡಿನಲ್ಲಿ ಬೈಟ್ ಬೈಟಾಗಿ, ದಶಮಾಂಶ ಅಂಕಿಗಳಲ್ಲಿ ಬಿಡಿಸಿದೆ. ಕನ್ನಡ ಅಕ್ಷರಗಳನ್ನು ಅದರಲ್ಲಿ ಗುರುತಿಸುವುದು ಸುಲಭ: ಎಲ್ಲ 224ರಿಂದ ಶುರು, ಪಕ್ಕದಲ್ಲಿ 178 ಅಥವಾ 179. ಮಲ್ಪೆಯ "ಮ" ಅಂದರೆ 224 178 174. ಸಬ್ಜೆಕ್ಟ್ ಸಾಲು, ಹಸಿಹಸಿ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ) ಕನ್ನಡ, ಅದರ ತುದಿಯಲ್ಲಿ ಬರೀ 10. ಡೇಟ್ ಸಾಲಿನ ತುದಿಯಲ್ಲೂ ಬರೀ 10. ಆದರೆ ನಂತರದ ಫ್ರಮ್, ಟು, ಮೈಮ್ ವರ್ಷನ್, ಕಂಟೆಂಟ್ ಟೈಪ್ ಎಲ್ಲದರ ತುದಿಯಲ್ಲಿ 13 10. ಅದಾದ ಮೇಲೆ ಒಡಲಿನಲ್ಲಿ ಮತ್ತೆ ಬರೀ 10.

ಒಂದೇ ಹೆಡರಿನಲ್ಲಿ ಎರಡು ಜಾತಿಯ ಸಾಲು! ಈ 13 ಎಲ್ಲಿಂದ ಬಂತು?

ಅಕ್ಕನ ಮಗನ ನೋಟ್‌ಪ್ಯಾಡ್

ಫ್ರಮ್, ಟು ಮುಂತಾದ ಬದಲಾಗದ ಹೆಡರುಗಳನ್ನು ಒಂದು ಟೆಂಪ್ಲೇಟ್ ಫೈಲಿನಲ್ಲಿ ಇಟ್ಟಿದ್ದೆ. ಹೊಸಬರ ವಿಳಾಸ ಸೇರಿಸಬೇಕಾದರೆ ಕೋಡ್ ಮುಟ್ಟುವುದು ಬೇಡ ಅಂತ. ಆ ಫೈಲು ಪ್ಲಾಂಟಿನ ಆಫೀಸ್ ಕಂಪ್ಯೂಟರಿನಿಂದಲೂ ಕಾಣುವ ಶೇರ್ಡ್ ಫೋಲ್ಡರಿನಲ್ಲಿತ್ತು. ಕ್ಯಾಟ್ ಕಮಾಂಡಿಗೆ ಎಲ್ಲ ತೋರಿಸು ಎಂದಾಗ ಪ್ರತಿ ಸಾಲಿನ ತುದಿಯಲ್ಲಿ ^ಎಂ$ ಎದ್ದು ಕಂಡಿತು. ಆ ಟೋಪಿ ಹಾಕಿದ ಎಂ ಅಂದರೆ 13.

ಅಳಿಯನಿಗೆ ಫೋನ್ ಮಾಡಿದೆ. "ಮಾವ, ಕಳೆದ ವರ್ಷ ಆಪರೇಟರಿನ ಮೇಲ್ ಐಡಿ ಸೇರ್ಸಿದ್ದು ನಾನೇ. ನೀವು ಬರೆದದ್ದು ತೆಗೆದ್ರೆ ಎಲ್ಲ ಒಂದೇ ಸಾಲಲ್ಲಿ ಬಂತು, ತಲೆಬುಡ ಇಲ್ಲ. ಹಾಗೆ ಹೊಸ ಫೈಲ್ ಮಾಡಿ ನಾನೇ ಟೈಪ್ ಮಾಡಿದೆ" ಅಂದ.

ಪೂರ್ತಿ ಅರ್ಥವಾಯಿತು. ಬಿಲ್ಲಿಂಗಿನ ಹಳೆಯ ಸಾಫ್ಟ್‌ವೇರಿಗಾಗಿ ಆಫೀಸಿನಲ್ಲಿ ಇನ್ನೂ ವಿಂಡೋಸ್ 7 ಇದೆ. ಆ ಕಾಲದ ನೋಟ್‌ಪ್ಯಾಡಿಗೆ ಒಂಟಿ 10 ಅಂದರೆ ಸಾಲು ಮುರಿಯುವ ಗುರುತೇ ಅಲ್ಲ. ನೋಟ್‌ಪ್ಯಾಡಿಗೆ ಆ ಬುದ್ಧಿ ಬಂದದ್ದು 2018ರಲ್ಲಿ, ವಿಂಡೋಸ್ 10ರ ಕಾಲಕ್ಕೆ. ಹುಡುಗನ ತಪ್ಪು ಎಳ್ಳಷ್ಟೂ ಇಲ್ಲ. ಹಾಗೆ ನೋಡಿದರೆ ಅವನು ಟೈಪ್ ಮಾಡಿದ ಸಾಲುಗಳೇ ಆರ್‌ಎಫ್‌ಸಿಗೆ ಸರಿಯಾಗಿದ್ದವು, ನನ್ನವೇ ತಪ್ಪು.

ಅವಸರದ ತೇಪೆ

ಹೊರಗೆ ಕತ್ತಲಾಗಿತ್ತು, ಮಳೆ ಮತ್ತೆ ಶುರು. ಬೇಗ ಮುಗಿಸಿ ಮನೆಗೆ ಹೋಗುವ ಆಸೆಯಲ್ಲಿ ಒಂದೇ ಸಾಲಿನ ಮದ್ದು ಹಾಕಿದೆ: ಕಳಿಸುವ ಮೊದಲು ಇಡೀ ಮೇಲಿನಲ್ಲಿ ಎಲ್ಲೆಲ್ಲಿ 10 ಇದೆಯೋ ಅಲ್ಲೆಲ್ಲ 13-10 ಹಾಕು.

ಓದುಗರಲ್ಲಿ ಕೆಲವರು ಈಗಲೇ ನಕ್ಕಿರುತ್ತೀರಿ.

ಸರ್ವರ್ ಒಪ್ಪಿಕೊಂಡಿತು. 550 ಇಲ್ಲ. ಭಾವನ ಫೋನಿನಲ್ಲಿ ಟಣ್ ಎಂದು ಶಬ್ದ. ನಾನು ಹೆಲ್ಮೆಟ್ ಕೈಗೆ ತೆಗೆದುಕೊಂಡೆ. ಭಾವ ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. "ಇದು ಯಾವ ಭಾಷೆ ಮಾರಾಯ?"

ಸಬ್ಜೆಕ್ಟ್ ಸರಿ ಇತ್ತು. ಯಾರಿಂದ ಬಂತು ಎಂಬುದೂ ಸರಿ. ಆದರೆ ಯಾರಿಗೆ ಎಂಬ ಜಾಗ ಖಾಲಿ. ಒಡಲಿನ ಮೊದಲ ಸಾಲಿನಲ್ಲಿ ಟು ಮತ್ತು ಇಬ್ಬರ ವಿಳಾಸ, ಅದರ ಕೆಳಗೆ ಮೈಮ್ ವರ್ಷನ್ 1.0, ಅದರ ಕೆಳಗೆ ಕಂಟೆಂಟ್ ಟೈಪ್, ಎಲ್ಲ ಪತ್ರದ ಒಳಗೇ ಅಚ್ಚಾಗಿದ್ದವು. ಆಮೇಲೆ ಕನ್ನಡ ಬರಬೇಕಾದಲ್ಲಿ ತಲೆಯ ಮೇಲೆ ಗೀಟೆಳೆದ ಎ, ಪಕ್ಕದಲ್ಲಿ ಪುಟ್ಟದೊಂದು 2, ಮತ್ತೆ ಅದೇ ಎ, ಪುಟ್ಟ 3, ಹೀಗೆ ಪರದೆ ತುಂಬಾ. ನಾನು ಆಗಷ್ಟೇ ನೋಡಿದ್ದ 224, 178, 179ಗಳನ್ನೇ ಫೋನು ಪಾಶ್ಚಾತ್ಯ ಅಕ್ಷರಗಳೆಂದು ಒಂದೊಂದಾಗಿ ಬಿಡಿಸಿ ಓದಿತ್ತು. ಚಾರ್‌ಸೆಟ್, ಅಂದರೆ ಅಕ್ಷರ ಬರೆದ ರೀತಿ, ಯುಟಿಎಫ್-8 ಎಂದು ಹೇಳುವ ಹೆಡರೇ ಹೆಡರಾಗಿ ಉಳಿಯದಿದ್ದರೆ ಅದಾದರೂ ಏನು ಮಾಡಬೇಕು.

ಆಪರೇಟರಿನ ಫೋನಿನಲ್ಲಿ ಅದೇ ಮೇಲ್ ನೋಡಿದೆ. ಅಲ್ಲಿ ಎಲ್ಲ ಚಂದ! ಕನ್ನಡ ಮುತ್ತಿನ ಹಾಗೆ. ಇಬ್ಬರ ಮೇಲ್ ಖಾತೆ ಬೇರೆ ಬೇರೆ ಕಡೆ, ಆ್ಯಪ್ ಬೇರೆ ಬೇರೆ. ಒಬ್ಬರದ್ದು ಸರಿ, ಇನ್ನೊಬ್ಬರದ್ದು ಕೆಟ್ಟಿದೆ ಎಂದರೆ ಕೆಟ್ಟ ಫೋನಿನವರನ್ನು ದೂರುವುದು ನಮ್ಮ ಅಭ್ಯಾಸ. ಭಾವನಿಗೂ "ಆ್ಯಪ್ ಅಪ್‌ಡೇಟ್ ಮಾಡಿ" ಎಂದು ಹೇಳಲು ನಾಲಗೆ ತುದಿಗೆ ಬಂದಿತ್ತು. ಹೇಳಲಿಲ್ಲ, ಒಳ್ಳೆಯದಾಯಿತು.

ಆದದ್ದು ಇಷ್ಟು. ಅಳಿಯನ ಸಾಲುಗಳಲ್ಲಿ ಮೊದಲೇ 13-10 ಇತ್ತು. ಅದರೊಳಗಿನ 10ನ್ನು ಹಿಡಿದು ನನ್ನ ಮದ್ದು ಇನ್ನೊಂದು 13 ಅಂಟಿಸಿತು. 13-10 ಇದ್ದದ್ದು 13-13-10 ಆಯಿತು. ಮೊದಲ 13ನ್ನೇ ಒಂದು ಸಾಲಿನ ಅಂತ್ಯವೆಂದು ಎಣಿಸುವ ಕಡೆ, ಉಳಿದ 13-10 ಒಂದು ಖಾಲಿ ಸಾಲಾಗಿ ಕಾಣುತ್ತದೆ. ಖಾಲಿ ಸಾಲೆಂದರೆ ಹೆಡರ್ ಮುಗಿಯಿತು. ಫ್ರಮ್ ಸಾಲು ಟೆಂಪ್ಲೇಟಿನ ಮೊದಲನೆಯದು. ಅದರ ಬೆನ್ನಿಗೇ ಬಾಗಿಲು ಮುಚ್ಚಿತು, ಟುವಿನಿಂದ ಮುಂದಿನದ್ದೆಲ್ಲ ಒಡಲಿಗೆ ಬಿತ್ತು. ಸಬ್ಜೆಕ್ಟ್, ಡೇಟ್ ನನ್ನ ಸಾಲುಗಳು, ಅವುಗಳಲ್ಲಿ ಒಂದೇ 13, ಅವು ಬದುಕಿದವು. ಆಪರೇಟರಿನ ಕಡೆಯವರು ಹೆಚ್ಚುವರಿ 13ನ್ನು ಕಸವೆಂದು ಬಿಟ್ಟುಬಿಟ್ಟರು, ಹಾಗಾಗಿ ಅಲ್ಲಿ ಎಲ್ಲ ಸರಿ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೇಲ್ ಫಂಕ್ಷನ್ ಬಳಸಿದವರಿಗೆ ಇದು ಹಳೆಯ ಗಾಯ. ಹೆಡರುಗಳ ಮಧ್ಯೆ 13-10 ಹಾಕಿ ಎನ್ನುವ ಅದೇ ಕೈಪಿಡಿ, ಮೇಲ್ ತಲುಪದಿದ್ದರೆ ಕೊನೆಯ ಉಪಾಯವಾಗಿ ಬರೀ 10 ಹಾಕಿ ನೋಡಿ ಎಂದೂ ಹೇಳುತ್ತದೆ. ಯಾಕೆಂದರೆ ಕ್ಯೂಮೇಲ್‌ನಂಥ ಕೆಲವು ಮೇಲ್ ಪ್ರೋಗ್ರಾಮುಗಳು 10ನ್ನು ತಾವೇ 13-10 ಮಾಡುತ್ತವೆ. ನಾವೂ ಹಾಕಿ ಅವೂ ಹಾಕಿದರೆ 13 ಎರಡಾಗುತ್ತದೆ. ಪಿಎಚ್‌ಪಿ 8.0 ಎಲ್ಲ ಕಡೆ 13-10 ಎಂದು ನಿಯಮಕ್ಕೆ ಬಂತು. ಹಳೆಯ ಸೆಟಪ್ಪುಗಳು ಕೆಟ್ಟವು. ಕೊನೆಗೆ 8.2.4ರಲ್ಲಿ, ಬೇಕಾದವರು ಹಳೆಯ ಚಾಳಿಗೇ ಮರಳಲಿ ಎಂದು ಒಂದು ಸೆಟ್ಟಿಂಗ್ ಕೊಡಬೇಕಾಯಿತು. ಅಡುಗೆಗೆ ಉಪ್ಪು ಹಾಕುವವರು ಇಬ್ಬರಿರುವ ಮನೆಯ ಕತೆ.

ಆ ರಾತ್ರಿಗೆ ಮದ್ದನ್ನು ಎರಡು ಹಂತ ಮಾಡಿದೆ. ಮೊದಲು 13-10 ಇದ್ದಲ್ಲಿ, ಒಂಟಿ 13 ಇದ್ದಲ್ಲಿ ಎಲ್ಲವನ್ನೂ ಬರೀ 10ಕ್ಕೆ ಇಳಿಸು. ಎಲ್ಲ ಸಮ ಆದಮೇಲೆ ಒಂದೇ ಸಲ 10ನ್ನು 13-10ಕ್ಕೆ ಏರಿಸು. ಎರಡೂ ಫೋನಿನಲ್ಲಿ ಕನ್ನಡ ಬಂತು. ಮನೆಗೆ ಹೋದೆ, ನೆನೆದುಕೊಂಡೇ.

ಎನ್‌ಕೋಡ್ ಎಂಬ ಒಂದು ಶಬ್ದ

ನಿದ್ದೆ ಬರಲಿಲ್ಲ. ಪೈಥಾನಿನ ಎಸ್‌ಎಂಟಿಪಿ ಲೈಬ್ರರಿ ಇಷ್ಟು ಸಣ್ಣ ವಿಷಯವನ್ನು ತಾನೇ ನೋಡಿಕೊಳ್ಳುವುದಿಲ್ಲವೇ? ಮರುದಿನ ಅದರ ಕೈಪಿಡಿ ತೆಗೆದೆ. ನೋಡಿಕೊಳ್ಳುತ್ತದೆ. ಅದರ ಸೆಂಡ್‌ಮೇಲ್ ಎಂಬ ಫಂಕ್ಷನ್ನಿಗೆ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ, ಕೊಟ್ಟರೆ ಅದನ್ನು ಆಸ್ಕಿಗೆ ತಿರುಗಿಸಿ, ಒಂಟಿ 13, ಒಂಟಿ 10 ಎಲ್ಲವನ್ನೂ 13-10 ಮಾಡುತ್ತದೆ. ಬೈಟುಗಳನ್ನು ಕೊಟ್ಟರೆ? ಮುಟ್ಟುವುದೇ ಇಲ್ಲ, ಕೊಟ್ಟದ್ದನ್ನು ಹಾಗೇ ಕಳಿಸುತ್ತದೆ.

ನಾನು ಬೈಟುಗಳನ್ನು ಕೊಟ್ಟದ್ದು ಯಾಕೆ ಎಂಬುದು ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಮೊದಲ ಪರೀಕ್ಷೆ ಇಂಗ್ಲಿಷಿನಲ್ಲಿ ಮಾಡಿದ್ದೆ, ಸ್ಟ್ರಿಂಗ್ ಆಗಿ. ಹೋಗಿತ್ತು, ಸಾಲುಗಳೂ ತಾನಾಗಿ ಸರಿಯಾಗಿದ್ದವು. "ಆಪರೇಟರಿಗೆ ಇಂಗ್ಲಿಷ್ ಬೇಡ, ಕನ್ನಡದಲ್ಲೇ ಹಾಕು" ಎಂದು ಭಾವ ಹೇಳಿದ್ದಕ್ಕೆ ಕನ್ನಡ ಹಾಕಿದ ತಕ್ಷಣ ಆಸ್ಕಿಯಲ್ಲಿ ಈ ಅಕ್ಷರಗಳು ಕೂರುವುದಿಲ್ಲ ಎಂಬ ಎರರ್. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ: ಕೊನೆಗೊಂದು ಎನ್‌ಕೋಡ್, ಬ್ರಾಕೆಟಿನಲ್ಲಿ ಯುಟಿಎಫ್-8. ಎರರ್ ಹೋಯಿತು. ಜೊತೆಗೆ ಸಾಲಿನ ತುದಿ ಸರಿಮಾಡುವ ಕೈಯನ್ನೂ ನಾನೇ ಕಡಿದುಹಾಕಿದ್ದೆ. ಹೇಳುವವರು ಯಾರೂ ಇಲ್ಲ, ಆಗಿನ ಸರ್ವರ್ ದಾಕ್ಷಿಣ್ಯದ್ದು. ಟೆಂಪ್ಲೇಟನ್ನೂ ಬೈಟುಗಳಾಗಿಯೇ ಓದತೊಡಗಿದ್ದೆ. ಸಾಮಾನ್ಯ ಟೆಕ್ಸ್ಟ್ ಆಗಿ ತೆರೆದಿದ್ದರೆ ಅಳಿಯನ 13-10ಗಳನ್ನು ಪೈಥಾನ್ ಓದುವಾಗಲೇ 10 ಮಾಡಿಕೊಳ್ಳುತ್ತಿತ್ತು.

ಆ ಎನ್‌ಕೋಡ್ ಇನ್ನೊಂದು ತಪ್ಪನ್ನೂ ಮುಚ್ಚಿತ್ತು, ಸಬ್ಜೆಕ್ಟಿನಲ್ಲಿ ಹಸಿ ಕನ್ನಡ. ಎರಡೂ ಕಡೆಯ ಸರ್ವರುಗಳು ಎಸ್‌ಎಂಟಿಪಿಯುಟಿಎಫ್8 ಎಂಬ ವಿಸ್ತರಣೆಯನ್ನು ಒಪ್ಪಿಕೊಳ್ಳದ ಹೊರತು ಹೆಡರಿನಲ್ಲಿ ಆಸ್ಕಿ ಮಾತ್ರ ಇರಬೇಕು. ಕನ್ನಡವನ್ನು ಆರ್‌ಎಫ್‌ಸಿ 2047ರ ಪ್ರಕಾರ ಪೊಟ್ಟಣ ಕಟ್ಟಿ ಕಳಿಸಬೇಕು. ಒಂದು ಪೊಟ್ಟಣ 75 ಅಕ್ಷರ ಮೀರಬಾರದು. ಯುಟಿಎಫ್-8 ಎಂಬ ಹೆಸರು, ಪ್ರಶ್ನಾರ್ಥಕ ಚಿಹ್ನೆಗಳು, ಸಮ ಚಿಹ್ನೆಗಳು, ಇಂಥ ಹೊದಿಕೆಗೇ 12 ಹೋಗುತ್ತದೆ. ಉಳಿದ 63ರಲ್ಲಿ ಬೇಸ್64 (ಬೈಟುಗಳನ್ನು ಸಾದಾ ಆಸ್ಕಿ ಅಕ್ಷರಗಳಾಗಿ ಬರೆಯುವ ರೀತಿ) ನಾಲ್ಕು ನಾಲ್ಕಾಗಿ ಕೂರುವುದರಿಂದ ಸಿಗುವುದು 60. ಕನ್ನಡದ ಒಂದೊಂದು ಯುನಿಕೋಡ್ ಅಕ್ಷರ 3 ಬೈಟ್, ಬೇಸ್64ರಲ್ಲಿ 4 ಅಕ್ಷರ. ಅಂದರೆ ಒಂದು ಪೊಟ್ಟಣಕ್ಕೆ 15 ಅಕ್ಷರ, ಅದೂ ಒತ್ತು, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆಯಾಗಿ ಲೆಕ್ಕ. ನನ್ನ ಸಬ್ಜೆಕ್ಟ್ "ಮಲ್ಪೆ ಐಸ್ ಪ್ಲಾಂಟ್: ಬ್ರೈನ್ ತಾಪಮಾನ ಏರಿದೆ". ಎಣಿಸಿದೆ. ಖಾಲಿ ಜಾಗ ಸೇರಿ 38 ಯುನಿಕೋಡ್ ಅಕ್ಷರ, 102 ಬೈಟ್. ಕನಿಷ್ಠ 3 ಪೊಟ್ಟಣ.

ಮೂರು ಪೊಟ್ಟಣ ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಹೆಡರಿನ ಸಾಲು 78 ಅಕ್ಷರದೊಳಗಿದ್ದರೆ ಒಳ್ಳೆಯದು, 998 ದಾಟಲೇಬಾರದು. ಹಾಗಾಗಿ ಸಾಲನ್ನು ಮಡಚಬೇಕು: 13-10 ಹಾಕಿ, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಶುರು ಮಾಡಬೇಕು. ಸಾಲು ಖಾಲಿ ಜಾಗದಿಂದ ಶುರುವಾದರೆ ಅದು ಹೊಸ ಹೆಡರಲ್ಲ, ಹಿಂದಿನದರ ಬಾಲ ಎಂದರ್ಥ. ಪೊಟ್ಟಣಗಳ ಮಧ್ಯದ ಆ ಮಡಿಕೆಯನ್ನು ಓದುವವರು ಕಡೆಗಣಿಸಬೇಕೆಂದು ನಿಯಮವೇ ಇರುವುದರಿಂದ "ಪ್ಲಾಂಟ್" ನಡುವಿನಲ್ಲಿ ಕತ್ತರಿಸಿದರೂ ಫೋನಿನಲ್ಲಿ ಬಿರುಕು ಕಾಣುವುದಿಲ್ಲ. ಗಮನಿಸಿ, ಇಂಗ್ಲಿಷಿನಲ್ಲಿ ಇಷ್ಟೇ ಉದ್ದದ ಸಬ್ಜೆಕ್ಟ್ ಆಗಿದ್ದರೆ ಮಡಚುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಾಲಿನ ತುದಿಯ ತಪ್ಪು ಕನ್ನಡದಲ್ಲಿ ಬರೆಯುವವರನ್ನು ಮೊದಲು ಕಚ್ಚುವುದು ಇದಕ್ಕೇ. ನಮ್ಮ ಹೆಡರುಗಳಲ್ಲಿ ಸಾಲಿನ ತುದಿಗಳೇ ಹೆಚ್ಚು.

ಹೊಸದಾಗಿ ಕಟ್ಟಿದ್ದು

ಇಷ್ಟೆಲ್ಲ ಕೈಯಲ್ಲಿ ಮಾಡುವುದು ಹುಚ್ಚುತನ. ಟೆಂಪ್ಲೇಟ್ ಫೈಲ್, ಎನ್‌ಕೋಡ್, ರಾತ್ರಿಯ ಮದ್ದು ಎಲ್ಲ ಕಿತ್ತುಹಾಕಿದೆ. ಪೈಥಾನಿನಲ್ಲೇ ಇರುವ ಈಮೇಲ್‌ಮೆಸೇಜ್ ಕ್ಲಾಸ್ ತೆಗೆದುಕೊಂಡು ಸಬ್ಜೆಕ್ಟ್, ಫ್ರಮ್, ಟು, ಡೇಟ್ ಒಂದೊಂದಾಗಿ ಕೊಟ್ಟೆ. ಒಡಲನ್ನು ಬೇಸ್64ರಲ್ಲಿ ಹಾಕು ಎಂದೆ. ಕಳಿಸಲು ಸೆಂಡ್‌ಮೇಲ್ ಬದಲು ಸೆಂಡ್ ಮೆಸೇಜ್. ಇದು ಸಂದೇಶವನ್ನು ಬೈಟುಗಳಾಗಿ ಬಿಡಿಸುವಾಗ ಸಾಲಿನ ತುದಿಗೆ 13-10 ತಾನೇ ಹಾಕುತ್ತದೆ, ಪೊಟ್ಟಣ ಕಟ್ಟುವುದು, ಮಡಚುವುದು ಕೂಡ ಅದರದ್ದೇ ಕೆಲಸ. ನನ್ನ ಕೋಡಿನಲ್ಲಿ ಈಗ 13 ಎಂಬುದು ಎಲ್ಲಿಯೂ ಇಲ್ಲ. ವಿಳಾಸಗಳು ಮಾತ್ರ ಇನ್ನೊಂದು ಫೈಲಿನಲ್ಲಿ, ಸಾಲಿಗೊಂದು. ಅಳಿಯ ಯಾವ ನೋಟ್‌ಪ್ಯಾಡಿನಲ್ಲಿ ಬೇಕಾದರೂ ಬರೆಯಲಿ.

ಓಡಿಸಿದ ಕೂಡಲೇ ಬಿತ್ತು. ಹೆಡರಿಗೆ ಕೊಟ್ಟ ಮೌಲ್ಯದಲ್ಲಿ ಲೈನ್ ಫೀಡ್ ಅಥವಾ ಕ್ಯಾರೇಜ್ ರಿಟರ್ನ್ ಇರಬಾರದು ಎಂಬ ಎರರ್. ಫೈಲಿನಿಂದ ಓದಿದ ವಿಳಾಸದ ಬಾಲಕ್ಕೆ 10 ಅಂಟಿಕೊಂಡೇ ಬಂದಿತ್ತು. ತುದಿಯನ್ನು ಕತ್ತರಿಸುವ ಸ್ಟ್ರಿಪ್ ಹಾಕಿದೆ, ಹೋಯಿತು. ಈ ಎರರ್ ಬಗ್ಗೆ ನನಗೆ ಸಿಟ್ಟಿಲ್ಲ. ಹೊರಗಿನಿಂದ ಬಂದ ಹೆಸರೊಂದರಲ್ಲಿ ಸಾಲಿನ ತುದಿ ಅಡಗಿದ್ದರೆ ಅದರ ಮುಂದಿನದ್ದು ಹೊಸ ಹೆಡರಾಗಿಬಿಡುತ್ತದೆ. ಯಾರೋ ಒಂದು ಬಿಸಿಸಿ (ಗುಟ್ಟಾಗಿ ಪ್ರತಿ ಕಳಿಸುವ) ಸಾಲು ಸೇರಿಸಿ ನಮ್ಮ ಖಾತೆಯಿಂದಲೇ ಊರಿಗೆಲ್ಲ ಮೇಲ್ ಹಂಚಬಹುದು. ನನ್ನ ಹಳೆಯ ಕೋಡ್ ಅದನ್ನು ಕಣ್ಣುಮುಚ್ಚಿ ಬಿಡುತ್ತಿತ್ತು.

ನೆಟ್‌ಕ್ಯಾಟ್ ಮುಂದೆ ಮತ್ತೊಮ್ಮೆ ಸರ್ವರ್ ಆಗಿ ಕೂತು 220, 250, 354 ಹೇಳಿದೆ. ಫೈಲ್ ಬಿಡಿಸಿ, 13 ಹಿಂದಿಲ್ಲದ 10 ಎಷ್ಟು, 10 ಮುಂದಿಲ್ಲದ 13 ಎಷ್ಟು ಎಂದು ಎಣಿಸಿದೆ. ಎರಡೂ ಸೊನ್ನೆ. ಆ ಎಣಿಕೆಯನ್ನೇ ಒಂದು ಸಣ್ಣ ಪರೀಕ್ಷೆಯಾಗಿ ಬರೆದು ಪೆಟ್ಟಿಗೆಯಲ್ಲಿಟ್ಟೆ. ದಿನಾ ಬೆಳಿಗ್ಗೆ 6 ಗಂಟೆಗೆ "ಎಲ್ಲ ಸರಿ ಇದೆ" ಎಂಬ ಮೇಲೊಂದು ಹೋಗುವಂತೆಯೂ ಮಾಡಿದೆ. ಅದು ಬಾರದ ದಿನ ಭಾವ ನನಗೆ ಫೋನ್ ಮಾಡಬೇಕೆಂಬ ಒಪ್ಪಂದ.

ಜುಲೈ 31ರ ಸಂಜೆ ಪ್ಲಾಂಟಿನಲ್ಲಿ ಕರೆಂಟ್ ಹೋಗಿ ಬಂತು. ಅದರ ಬೆನ್ನಿಗೇ ಭಾವನ ಫೋನಿನಲ್ಲಿ, ಆಪರೇಟರಿನ ಫೋನಿನಲ್ಲಿ, ನನ್ನ ಫೋನಿನಲ್ಲಿ ಮೂರರಲ್ಲೂ ಒಂದೇ ಸಲ ಟಣ್. ಸಬ್ಜೆಕ್ಟ್ ಪೂರ್ತಿ, ಯಾರಿಗೆ ಎಂಬ ಜಾಗ ಪೂರ್ತಿ, ಕನ್ನಡ ಒಂದು ಒತ್ತಕ್ಷರವೂ ಕೆಡದೆ ಬಂದಿತ್ತು: ಬ್ರೈನ್ ತಾಪಮಾನ 85 ಡಿಗ್ರಿ.

"ಐಸ್ ಪ್ಲಾಂಟಾ, ಬಂಗುಡೆ ಬೇಯಿಸುವ ಪಾತ್ರೆಯಾ ಮಾರಾಯ ಇದು?" ಭಾವ ಫೋನಿನಲ್ಲಿ ನಗುತ್ತಲೇ ಇದ್ದರು.

85 ಎಂಬುದು ಡಿಎಸ್18ಬಿ20ಗೆ ಕರೆಂಟ್ ಬಂದಾಗ ಅದರೊಳಗೆ ಮೊದಲೇ ಕೂತಿರುವ ಅಂಕಿ. ಅಳತೆ ಮುಗಿಯುವ ಮೊದಲೇ ಓದಿದರೆ, ಅಥವಾ ನಡುವೆ ವಿದ್ಯುತ್ ತಪ್ಪಿದರೆ ಅದೇ ಸಿಗುತ್ತದೆ. ಮರುದಿನ ಬೆಳಿಗ್ಗೆ ಬೋಟುಗಳು ಐಸ್ ತುಂಬಿಸಿಕೊಳ್ಳಲು ಸಾಲುಗಟ್ಟಿ ನಿಂತಿದ್ದಾಗ, ಟ್ಯಾಂಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಉಪ್ಪು ತಿಂದು ಹಸಿರಾಗಿದ್ದ ಜಾಯಿಂಟನ್ನು ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಎರಡು ಪದರ ಎಳೆದೆ. ಕೋಡಿನಲ್ಲಿ 85 ಬಂದರೆ ಇನ್ನೊಮ್ಮೆ ಓದು ಎಂದೂ ಸೇರಿಸಿದೆ. ಈಗ ಬ್ರೈನ್ ಮೈನಸ್ 9.5.